ವೇಷ ಕಟ್ಟುವ ಸ್ವಾತಂತ್ರ್ಯ, ವೇಷ ಮಾರುವ ಅಂಗಡಿ



ಕಂಪ್ಯೂಟರಿನ ಆಟವೆಂದರೆ ಹುಡುಗರನ್ನು ಕೆಡಿಸುವ ಚಟವೆಂದು ಹೇಳಿ ಮುಗಿಸುವುದು ಸುಲಭ. ನಾವು ಹಾಗೆ ಮುಗಿಸಲೊಲ್ಲೆವು.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ 'ಮಡ್' ಎಂಬ ಆಟವನ್ನು ರಚಿಸತೊಡಗಿದರು. ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಚಿತ್ರವಿಲ್ಲ, ಬರಿಯ ಅಕ್ಷರ. ಬೇರೆ ಬೇರೆ ಕಡೆ ಕುಳಿತವರು ಒಂದೇ ಲೋಕದೊಳಗೆ ಇಳಿಯುತ್ತಿದ್ದರು. ಬೇಕಾದ ಹೆಸರಿಟ್ಟುಕೊಳ್ಳಬಹುದು, ಗಂಡೋ ಹೆಣ್ಣೋ ತಾವೇ ಆರಿಸಬಹುದು. ನಿಧಿ ಹುಡುಕಿ, ಅಪಾಯ ಗೆದ್ದು ಮೇಲೇರಿದರೆ ಕಡೆಗೆ 'ಮಾಂತ್ರಿಕ' ಪದವಿ. ಇಂಗ್ಲೆಂಡಿನಲ್ಲಿ ಬಾಯಿ ತೆರೆದರೆ ಸಾಕು, ಉಚ್ಚಾರದಿಂದಲೇ ವರ್ಗ ತಿಳಿಯುತ್ತದೆ. ಹುಟ್ಟಿನಿಂದಲ್ಲ, ಮಾಡಿದ ಕೆಲಸದಿಂದ ಮನುಷ್ಯ ಮೇಲೇರಲಿ ಎಂಬುದೇ ತಮ್ಮ ಉದ್ದೇಶವಾಗಿತ್ತೆಂದು ಬಾರ್ಟಲ್ ಮುಂದೆ ಹೇಳಿದ್ದಾರೆ. ಹೆಸರು ಕೇಳಿದೊಡನೆ ಜಾತಿ ಅಳೆಯುವ ನಮ್ಮೂರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗೇನಾಗಿದೆ? 2017ರಲ್ಲಿ ಬಂದ 'ಫೋರ್ಟ್‌ನೈಟ್' ಎಂಬ ಕಾಳಗದ ಆಟಕ್ಕೆ ಪ್ರವೇಶ ಪುಕ್ಕಟೆ. ಚೆಂದದ ಉಡುಪಿಗೆ ಹಣ. ಆ ಉಡುಪಿನಿಂದ ಗುರಿ ಹರಿತವಾಗದು, ಓಟ ಹೆಚ್ಚದು. ನೋಟಕ್ಕಷ್ಟೆ. ಆದರೂ ಕೊಳ್ಳುತ್ತಾರೆ, ಏಕೆಂದರೆ ಸಾದಾ ಉಡುಪಿನಲ್ಲಿ ಬಂದ ಹುಡುಗನನ್ನು ಉಳಿದವರು 'ಡಿಫಾಲ್ಟ್' ಎಂದು ಹೀಯಾಳಿಸುತ್ತಾರೆ. ಅಲ್ಲಿಯ ಶಾಲೆಗಳ ಅಂಗಳದಲ್ಲೂ ಅದು ಬೈಗುಳವಾಯಿತು. ಹರಕು ಅಂಗಿಯ ಅವಮಾನ ಮರೆಯಲು ಹೊಕ್ಕ ಲೋಕದಲ್ಲೂ ಅಂಗಿಯದೇ ಅವಮಾನ!

ಕೊಂಡ ಉಡುಪಾದರೂ ಕೊಂಡವನದೇ? ಅಲ್ಲ. ಬಳಸಲು ಕಂಪೆನಿ ಕೊಟ್ಟ ಅನುಮತಿ ಮಾತ್ರ. ಬಾಯಿಮಾತಿನ ಗೇಣಿದಾರನ ಪಾಡು ಕಂಡ ಹಿರಿಯರು ಇಲ್ಲಿಯೇ ಕುಳಿತಿದ್ದೀರಿ. ಈ ವೇಷವನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ಕಂಪೆನಿ ಖಾತೆ ಮುಚ್ಚಿದ ದಿನ ಹುಡುಗನ ಹೆಸರು, ರೂಪ ಎರಡೂ ಹೋದವು.