ಒಲೆಗೆ ಗಾಳಿಯ ಹದ



ಊರ್ಡಿಗೆರೆಯಂಥ ಊರುಗಳಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಎಷ್ಟೋ ಮನೆಗಳ ಸ್ನಾನದ ಹಂಡೆಗೆ ಇಂದಿಗೂ ಸೌದೆಯೇ ಆಧಾರ. ಉರಿ ಕುಂದಿದರೆ ಊದುಗೊಳವೆ ಕೈಗೆ ಬರುತ್ತದೆ. ಆ ಕೆಲಸವನ್ನು ಪುಟ್ಟ ಬ್ಲೋವರ್ ಫ್ಯಾನ್ ಮಾಡಬಲ್ಲದು. ಆದರೆ ಗಾಳಿಯನ್ನು ಎಲ್ಲಿಗೆ, ಎಷ್ಟು ಕೊಡಬೇಕು?

ಸೌದೆ ಕಾದಾಗ ಅದರ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಬರುತ್ತದೆ, ಉಳಿಯುವುದು ಇದ್ದಿಲು. ಕೆಳಗಿನ ಗಾಳಿ ಕೆಂಡವನ್ನು ಪ್ರಜ್ವಲಿಸುತ್ತದೆ. ಅನಿಲ ಉರಿಯಲು ಕೆಂಡದ ಮೇಲೂ ಗಾಳಿ ಬೇಕು. ಸಿಗದಿದ್ದರೆ ಅದು ಹೊಗೆಯಾಗುತ್ತದೆ. ಹೊಗೆಯೆಂದರೆ ವ್ಯರ್ಥವಾದ ಸೌದೆ. ಗಾಳಿ ಅತಿಯಾದರೆ ಜ್ವಾಲೆ ತಣಿದು, ಬೂದಿ ಹಾರಿ, ಶಾಖ ಪಾತ್ರೆಗೆ ತಾಗದೆ ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದಕ್ಕೆ ಎರಡು ದಾರಿ ತೋರಿಸಿತು. ಅಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಗ್ರಾಮೀಣ ಪ್ರಯೋಗಗಳನ್ನು ನಡೆಸಿತು. ಅದರ ‘ಅಸ್ತ್ರ ಒಲೆ’ಗೆ ಫ್ಯಾನ್ ಇಲ್ಲ, ಹೊಗೆಕೊಳವೆಯಲ್ಲಿ ಮೇಲೇರುವ ಬಿಸಿಗಾಳಿಯೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಸಂಸ್ಥೆಯ ನೆರವಿನಿಂದ ರೂಪುಗೊಂಡು 2006ರಲ್ಲಿ ಮಾರುಕಟ್ಟೆಗೆ ಬಂದ ‘ಊರ್ಜಾ’ ಒಲೆಯಲ್ಲಿ ಬ್ಯಾಟರಿಯ ಫ್ಯಾನ್ ಕೆಳಕ್ಕೂ, ಮೇಲಿನ ರಂಧ್ರಗಳಿಗೂ ಗಾಳಿಯನ್ನು ಹಂಚುತ್ತಿತ್ತು.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ಒಣಗಿದ ಸೌದೆಯನ್ನು ಸ್ವಲ್ಪಸ್ವಲ್ಪವೇ ಒಡ್ಡಿ, ಫ್ಯಾನನ್ನು ನಿಧಾನವಾಗಿ ತಿರುಗಿಸಿ. ಹೊಗೆ ಕಾಣದೆ ಉರಿ ಪಾತ್ರೆಯ ತಳ ಮುಟ್ಟಿದರೆ ಗಾಳಿ ಹದವಾಗಿದೆ. ಆಗಲೂ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಫ್ಯಾನ್ ಇದೆಯೆಂದು ಹೊಗೆಕೊಳವೆಯನ್ನಾಗಲಿ ಕಿಟಕಿಯನ್ನಾಗಲಿ ಮುಚ್ಚಬೇಡಿ.