ಸ್ಪ್ರೇಯರ್ ಬ್ಯಾಟರಿಗೆ ಚಾರ್ಜು ಹಾಕುವಾಗ
(ಹೊಸಹೊಳಲಿನಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಿಂದ ಹೆಸರಾದ ಈ ಊರಿನಲ್ಲಿ ನಾನು ಮಾತನಾಡಬೇಕೆಂದಿರುವುದು ಬಲು ಸಣ್ಣ ವಸ್ತುವಿನ ವಿಷಯ. ಬೆನ್ನಿಗೆ ಹೊರುವ ಸ್ಪ್ರೇಯರಿನ ತಳದಲ್ಲಿ ಕುಳಿತಿರುವ ಬ್ಯಾಟರಿ ಅದು. ಸನ್ನೆ ಒತ್ತಿ ಔಷಧ ಹೊಡೆಯುತ್ತಿದ್ದ ಕಾಲದಲ್ಲಿ ತೋಳು ಸೋಲುತ್ತಿತ್ತು. ಈಗ ತೋಳಿಗೆ ಬಿಡುವು ಸಿಕ್ಕಿದೆ, ಆದರೆ ಕೆಲಸವೆಲ್ಲ ಬ್ಯಾಟರಿಯನ್ನು ನಂಬಿ ನಿಂತಿದೆ. ಅರ್ಧ ಗದ್ದೆ ಮುಗಿಯುವಷ್ಟರಲ್ಲಿ ಅದು ಸೋತರೆ ಕಲಸಿದ ಔಷಧ ಕ್ಯಾನಿನಲ್ಲೇ ಉಳಿಯುತ್ತದೆ. ಕಲಸಿದ್ದನ್ನು ನಾಳೆಗೆ ಇಡಬಾರದೆಂದು ನಿಮಗೆ ಗೊತ್ತು. ಇದು ದುಡ್ಡಿನ ನಷ್ಟವಾಯಿತು. ತಪ್ಪಾಗಿ ಚಾರ್ಜು ಹಾಕಿ ಮನೆಗೆ ಬೆಂಕಿ ತಗುಲಿದರೆ ಆ ನಷ್ಟ ಬೇರೆಯೇ.

ಮೊದಲು ನಿಮ್ಮ ಬ್ಯಾಟರಿ ಯಾವ ಜಾತಿಯದೆಂದು ತಿಳಿಯಿರಿ. ಹೆಚ್ಚಿನ ಸ್ಪ್ರೇಯರುಗಳಲ್ಲಿ ಇರುವುದು 12 ವೋಲ್ಟಿನ, ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಅದರ ಮೇಲೆ 8 ಅಥವಾ 12 ಆಂಪಿಯರ್-ಗಂಟೆ ಎಂದು ಬರೆದಿರುತ್ತದೆ. ಕೈಗೆತ್ತಿಕೊಂಡರೆ ಇಟ್ಟಿಗೆಯಂತೆ ಭಾರ. ಈಚಿನ ಕೆಲವದರಲ್ಲಿ ಲಿಥಿಯಂ ಬ್ಯಾಟರಿ ಇದೆ, ಇದು ಹಗುರ. ಎರಡಕ್ಕೂ ಚಾರ್ಜರು ಬೇರೆ. ಸೀಸದ ಬ್ಯಾಟರಿಯ ಚಾರ್ಜರು ಸುಮಾರು 14.4 ವೋಲ್ಟಿನವರೆಗೆ ಏರುತ್ತದೆ. ಮೂರು ಕೋಶಗಳ ಸಾಮಾನ್ಯ ಲಿಥಿಯಂ ಬ್ಯಾಟರಿಗೆ 12.6 ವೋಲ್ಟೇ ಗಡಿ. ಅದರಾಚೆ ಒತ್ತಿದರೆ ಒಳಗೆ ಕಾವೇರಿ, ಊದಿ, ಹೊತ್ತಿಕೊಳ್ಳಬಹುದು. ಪಿನ್ನು ಹೊಂದಿತೆಂದ ಮಾತ್ರಕ್ಕೆ ಚಾರ್ಜರು ಹೊಂದಿತೆಂದಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಬ್ಯಾಟರಿಯನ್ನೇ ಜೊತೆಗೆ ಒಯ್ದು ಎರಡರ ಮೇಲಿನ ಬರಹವನ್ನೂ ಹೋಲಿಸಿ ನೋಡಿ.

ಟ್ರ್ಯಾಕ್ಟರ್ ಬ್ಯಾಟರಿಯ ಚಾರ್ಜರಿಗೆ ಇದನ್ನು ಕಟ್ಟಿದರೆ ಬೇಗ ತುಂಬುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಬೇಡ. 8 ಆಂಪಿಯರ್-ಗಂಟೆಯ ಬ್ಯಾಟರಿ ತಾಳುವುದು ಹೆಚ್ಚೆಂದರೆ 2 ಆಂಪಿಯರ್ ಆಸುಪಾಸು. ಲೆಕ್ಕ ಸುಲಭ: ಚಾರ್ಜರು ಒಂದೂವರೆ ಆಂಪಿಯರ್ ಕೊಡುವುದಾದರೆ ಎಂಟನ್ನು ಒಂದೂವರೆಯಿಂದ ಭಾಗಿಸಿ, ಐದೂಕಾಲು ಗಂಟೆಗೆ ಸ್ವಲ್ಪ ಮೇಲೆ ಬರುತ್ತದೆ. ಕೊನೆಯ ಪಾಲು ನಿಧಾನವಾಗಿ ಇಳಿಯುವುದರಿಂದ ಏಳೆಂಟು ಗಂಟೆ ಹಿಡಿಯಿರಿ.

ಈಗ ಕ್ರಮ. ಹೊಲದಿಂದ ಬಂದವರು ಕ್ಯಾನನ್ನು ಹೊರಗೇ ತೊಳೆದು, ತಳಭಾಗ ಒರೆಸಿ, ಒಣಗಿಸಿರಿ. ಬಿಸಿಲಲ್ಲಿ ಕಾದು ಬಂದ ಬ್ಯಾಟರಿಗೆ ಕೂಡಲೇ ಚಾರ್ಜು ಬೇಡ, ನೆರಳಲ್ಲಿ ಆರಲಿ. ಸ್ಪ್ರೇಯರಿನ ಗುಂಡಿ ಆರಿಸಿ, ಮೊದಲು ಚಾರ್ಜರಿನ ಪಿನ್ನನ್ನು ಸ್ಪ್ರೇಯರಿಗೆ ಸೇರಿಸಿ, ಆಮೇಲೆ ಗೋಡೆಯ ಪ್ಲಗ್ಗಿಗೆ ಹಾಕಿ. ತೆಗೆಯುವಾಗ ಗೋಡೆಯದು ಮೊದಲು. ಹೀಗೆ ಮಾಡಿದರೆ ಬ್ಯಾಟರಿಯ ಹತ್ತಿರ ಕಿಡಿ ಹಾರುವುದಿಲ್ಲ. ಪ್ಲಗ್ಗು ಮುರಿಯಿತೆಂದು ಬರಿಯ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಚುಚ್ಚುವ ರೂಢಿಯಂತೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಒದ್ದೆ ಕೈ, ಒದ್ದೆ ಕ್ಯಾನು, 230 ವೋಲ್ಟು. ಇನ್ನೇನು ಹೇಳಲಿ?

ಜಾಗ ಯಾವುದು? ಅಡಿಗೆಮನೆ ಅಲ್ಲ, ಮಕ್ಕಳು ಮಲಗುವ ಕೋಣೆಯೂ ಅಲ್ಲ. ಕ್ಯಾನಿಗೆ ಔಷಧದ ಅಂಟು ಇದ್ದೇ ಇರುತ್ತದೆ. ಹುಲ್ಲು ತುಂಬಿದ ಕೊಟ್ಟಿಗೆ, ಗೊಬ್ಬರ ಮತ್ತು ಡೀಸೆಲ್ ಇಟ್ಟ ಕೋಣೆ ಇನ್ನೂ ಕೆಟ್ಟದ್ದು. ಸೀಸದ ಬ್ಯಾಟರಿಗೆ ಅತಿಯಾಗಿ ಚಾರ್ಜಾದರೆ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಕಿಡಿಗೆ ಹೊತ್ತುತ್ತದೆ. ಗಾಳಿಯಾಡುವ, ಮಳೆ ಎರಚದ ಜಗುಲಿಯ ಮೂಲೆ ಒಳ್ಳೆಯದು. ಕೆಳಗೆ ಕಲ್ಲು ಅಥವಾ ಸಿಮೆಂಟು ನೆಲವಿರಲಿ. ಚಾರ್ಜರಿನ ಮೇಲೆ ಗೋಣಿಚೀಲ ಹಾಕಬೇಡಿ.

ಕರೆಂಟು ಹೋಗಿ ಬರುವ ಊರಿನಲ್ಲಿ ಇನ್ನೊಂದು ಎಚ್ಚರ ಬೇಕು. ಹೋದಾಗ ಪ್ಲಗ್ಗು ತೆಗೆದುಬಿಡಿ. ಬಂದ ಮೇಲೆ ಐದು ನಿಮಿಷ ಕಾದು ಹಾಕಿ. ಬಂದ ಗಳಿಗೆಯಲ್ಲಿ ವೋಲ್ಟೇಜು ನೆಗೆದು ಅಗ್ಗದ ಚಾರ್ಜರನ್ನು ಸುಡುತ್ತದೆ. ರಾತ್ರಿಯಿಡೀ ಬಿಟ್ಟು ಮಲಗುವುದಕ್ಕಿಂತ, ಎಚ್ಚರವಿರುವ ಹೊತ್ತಿನಲ್ಲಿ ಎರಡು ಕಂತಿನಲ್ಲಿ ಹಾಕಿದರೆ ಸೀಸದ ಬ್ಯಾಟರಿಗೆ ನಷ್ಟವಿಲ್ಲ. ಹಸಿರು ದೀಪ ಬಂದ ಮೇಲೆ ಒಳ್ಳೆಯ ಚಾರ್ಜರು ತಾನೇ ತಗ್ಗುತ್ತದೆ. ಕಳಪೆಯದು ಒತ್ತುತ್ತಲೇ ಇದ್ದು ಒಳಗಿನ ನೀರನ್ನು ಒಣಗಿಸುತ್ತದೆ. ಮುಚ್ಚಿದ ಬ್ಯಾಟರಿಗೆ ನೀರು ಹಾಕಲು ಬಾಯಿ ಇಲ್ಲ.

ದೀಪ ಹೇಳುವ ಮಾತನ್ನೂ ಕಲಿಯಿರಿ. ಖಾಲಿ ಬ್ಯಾಟರಿಗೆ ಹಾಕಿದ ಕೂಡಲೇ ಹಸಿರಾದರೆ ಅದು ತುಂಬಿತೆಂದಲ್ಲ. ತಂತಿ ಕಡಿದಿದೆ, ಫ್ಯೂಸು ಹೋಗಿದೆ, ಇಲ್ಲವೇ ಬ್ಯಾಟರಿ ಸತ್ತಿದೆ. ಹನ್ನೆರಡು ಗಂಟೆಯಾದರೂ ಕೆಂಪಾಗಿಯೇ ಇದ್ದು, ಮುಟ್ಟಿದರೆ ಬಿಸಿ ಹತ್ತಿದರೆ ಒಂದು ಕೋಶ ಕೆಟ್ಟಿದೆ. ಅಂಥದಕ್ಕೆ ಮತ್ತೆ ಚಾರ್ಜು ಹಾಕಬೇಡಿ. ಮೀಟರು ಇರುವವರು ಚಾರ್ಜು ತೆಗೆದು ಎರಡು ಗಂಟೆ ಬಿಟ್ಟು ನೋಡಿ: 12.7 ವೋಲ್ಟಿಗೆ ಮೇಲಿದ್ದರೆ ಚೆನ್ನಾಗಿದೆ.

ಹೆಚ್ಚು ಬ್ಯಾಟರಿಗಳು ಸಾಯುವುದು ದುಡಿದು ಅಲ್ಲ, ಮೂಲೆಯಲ್ಲಿ ಕುಳಿತು. ಭತ್ತದ ಔಷಧ ಮುಗಿಯಿತೆಂದು ಖಾಲಿ ಬ್ಯಾಟರಿಯನ್ನು ಹಾಗೆಯೇ ಅಟ್ಟಕ್ಕೆ ಸೇರಿಸಿದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮುಂದಿನ ಬೆಳೆಗೆ ಅದು ಚಾರ್ಜು ಹಿಡಿಯುವುದಿಲ್ಲ. ಹೊಡೆದ ದಿನವೇ ತುಂಬಿಸಿ, ಸುಮ್ಮನಿರುವಾಗಲೂ ಎರಡು ತಿಂಗಳಿಗೊಮ್ಮೆ ತುಂಬಿಸಿ. ಲಿಥಿಯಂ ಇದಕ್ಕೆ ವಿರುದ್ಧ: ಬಹುಕಾಲ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಬೇಕು.

ಪೊಲೀಸರ, ಅರಣ್ಯ ಸಿಬ್ಬಂದಿಯ ಕೈಯಲ್ಲಿ ನೀವು ನೋಡುವ ವಾಕಿ-ಟಾಕಿಗೂ ಇವೇ ನಿಯಮಗಳು ಹೊಂದುತ್ತವೆ. ಅದರದೇ ತೊಟ್ಟಿಲು, ಅದರದೇ ಚಾರ್ಜರು. ಚಾರ್ಜಿಗೆ ಇಡುವಾಗ ಸೆಟ್ಟು ಆರಿಸಿರಬೇಕು, ಬೆನ್ನಿನ ಲೋಹದ ಬಿಲ್ಲೆಗಳನ್ನು ಒಣ ಬಟ್ಟೆಯಿಂದ ಒರೆಸಿರಬೇಕು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ಪೂರ್ತಿ ಇಳಿಸಿ ತುಂಬಬೇಕೆಂಬ ಮಾತಿತ್ತು. ಲಿಥಿಯಂಗೆ ಅದು ಬೇಡ, ಕೆಟ್ಟದ್ದು ಕೂಡ.

ಊದಿದ, ಬಿರುಕುಬಿಟ್ಟ ಬ್ಯಾಟರಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗೆ ಗಂಧಕಾಮ್ಲವಿದೆ, ಸೀಸ ವಿಷ. ಆಮ್ಲ ಕಣ್ಣಿಗೆ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು ಹರಿಸಿ ತೊಳೆದು ಆಸ್ಪತ್ರೆಗೆ ಹೋಗಿ. ನೆಲಕ್ಕೆ ಚೆಲ್ಲಿದರೆ ಅಡಿಗೆ ಸೋಡಾ ಹರಡಿ. ಹಳೆಯದನ್ನು ಕೆರೆ-ನಾಲೆಗೆ ಎಸೆಯದೆ ಬ್ಯಾಟರಿ ಮಾರುವ ಅಂಗಡಿಗೇ ಕೊಡಿ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಸೀಸದ ತೂಕಕ್ಕೆ ಬೆಲೆಯೂ ಸಿಗುತ್ತದೆ, ಹೊಸದರ ದರದಲ್ಲಿ ಅದನ್ನು ಮುರಿದುಕೊಳ್ಳುವಂತೆ ಕೇಳಿ.