ಹಾಡು ಯಾರದು, ಲೇಬಲ್ ಯಾರದು

ಪುಣೆಯಲ್ಲಿ ಕಿರಾಣಾ ಘರಾಣೆಯ ಮಾತು ತೆಗೆದರೆ ಸೀದಾ ಭೀಮಸೇನ ಜೋಶಿಯವರಿಗೇ ಬಂದು ನಿಲ್ಲುತ್ತೇವೆ. ಇವತ್ತು ಅವರ ಗುರುವಿನ ಗುರು, 1913ರಲ್ಲಿ ಇದೇ ಊರಿನಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದ ಅಬ್ದುಲ್ ಕರೀಂ ಖಾನರ ಬಳಿಗೆ ಹೋಗೋಣ. ನನಗೆ ಬೇಕಿರುವುದು ಅವರ ಗ್ರಾಮಫೋನ್ ಪ್ಲೇಟಿನ ನಡುವೆ ಅಂಟಿಸಿದ ದುಂಡು ಕಾಗದ, ಅಂದರೆ ಲೇಬಲ್.

ಖಾನ್‌ಸಾಹೇಬರು ಮೊದಲು ಹಾಡಿದ್ದು ಗ್ರಾಮಫೋನ್ ಕಂಪನಿಗೆ, ಕಲ್ಕತ್ತೆಯ ಡಂಡಂನಲ್ಲಿ ಅದರ ಪ್ಲೇಟು ಒತ್ತುವ ಕಾರ್ಖಾನೆ ಶುರುವಾಗುವ ಮೊದಲೇ. ನಾವು ಇಂದಿಗೂ ಕೇಳುವ ‘ಜಮುನಾ ಕೇ ತೀರ್’ ಮಾತ್ರ 1930ರ ದಶಕದ ಓಡಿಯನ್ ಪ್ಲೇಟು. ಓಡಿಯನ್ ಜರ್ಮನಿಯ ಲಿಂಡ್‌ಸ್ಟ್ರಾಮ್ ಕಂಪನಿಯದು. ಅದನ್ನು 1926ರ ಹೊತ್ತಿಗೇ ಇಂಗ್ಲೆಂಡಿನ ಕೊಲಂಬಿಯಾ ಹಿಡಿತಕ್ಕೆ ತೆಗೆದುಕೊಂಡಿತ್ತು. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿ ಕೂಡಿ ಇಎಂಐ ಆಯಿತು. ಅಂಗಡಿಯಲ್ಲಿ ಓಡಿಯನ್ನೂ ಗ್ರಾಮಫೋನ್ ಕಂಪನಿಯ ಲೇಬಲ್ಲಾದ ಎಚ್‌ಎಂವಿಯೂ ಎದುರಾಳಿಗಳು. ಲಂಡನ್ನಿನಲ್ಲಿ ಎರಡಕ್ಕೂ ಒಂದೇ ಗಲ್ಲಾಪೆಟ್ಟಿಗೆ! ಮುಂದೆ ಅದೇ ದನಿ ಕೊಲಂಬಿಯಾ ಹೆಸರಿನ ಎಲ್‌ಪಿಯಾಗಿ ಮನೆಮನೆಗೆ ಬಂತು.

ಹಾಡಿನ ಲೇಬಲ್ ಬದಲಾಗುವ ಇನ್ನೊಂದು ಬಗೆಯೂ ಉಂಟು. ಅಮೆರಿಕದ ಸೋಲ್ ಸಂಗೀತ ಇಂಗ್ಲೆಂಡಿಗೆ ಬಂದ ದಾರಿ ಬೇರೆ. ಅಲ್ಲಿ ಕಂಪನಿಯನ್ನೇ ಕೊಳ್ಳಲಿಲ್ಲ, ಲೈಸೆನ್ಸ್ ಪಡೆದರು. ಮಾಸ್ಟರ್ ಟೇಪು ತರಿಸಿ, ಇಂಗ್ಲೆಂಡಿನಲ್ಲೇ ಪ್ಲೇಟು ಒತ್ತಿ, ತಮ್ಮ ಲೇಬಲ್ ಅಂಟಿಸಿ, ಮಾರಿದ್ದಕ್ಕೆ ರಾಯಲ್ಟಿ ಕೊಡುವುದು. ಡೆಟ್ರಾಯಿಟ್‌ನ ಮೋಟೌನ್ ಹಾಡುಗಳು ಲಂಡನ್ ಅಮೆರಿಕನ್, ಫಾಂಟಾನಾ, ಓರಿಯೋಲ್, ಸ್ಟೇಟ್‌ಸೈಡ್ ಎಂದು ಮನೆ ಬದಲಿಸುತ್ತಲೇ ಇದ್ದವು. ಕೊನೆಗೆ 1965ರ ಮಾರ್ಚಿನಲ್ಲಿ ಇಎಂಐ ಅವಕ್ಕಾಗಿಯೇ ‘ಟ್ಯಾಮ್ಲಾ ಮೋಟೌನ್’ ಲೇಬಲ್ ತೆರೆಯಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಡೇವ್ ಗಾಡಿನ್ ಎಂಬ ಅಭಿಮಾನಿ ಮುಖ್ಯ. ಅಭಿಮಾನಿ ಸಂಘಗಳಿಂದ ಹಾರ ತುರಾಯಿ ಬಿಟ್ಟು ಬೇರೇನೂ ಆಗದು ಅನ್ನುವವರು ಇದನ್ನು ಗಮನಿಸಬೇಕು. ಡೆಟ್ರಾಯಿಟ್‌ನಲ್ಲಿ ಟ್ಯಾಮ್ಲಾ, ಮೋಟೌನ್, ಗಾರ್ಡಿ ಎಂದು ಹಂಚಿಹೋಗಿದ್ದ ಹಾಡುಗಾರರು ಇಂಗ್ಲೆಂಡಿನಲ್ಲಿ ಒಂದೇ ಮನೆತನದವರಾದರು. ‘ಮೋಟೌನ್ ಸೌಂಡ್’ ಅನ್ನುವ ಕಲ್ಪನೆ ಅಲ್ಲಿ ಅಷ್ಟು ಗಟ್ಟಿಯಾಗಲು ಈ ಕಾಗದವೂ ಕಾರಣ ಅಂತ ನನ್ನ ಅಂದಾಜು.

ನಮ್ಮಲ್ಲಿ ಕಂಪನಿಗಳ ಕೈ ಲೇಬಲ್ಲಿಗೇ ನಿಲ್ಲಲಿಲ್ಲ, ಹಾಡುವವರ ಹೆಸರಿಗೂ ಹೋಯಿತು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್‌ಎಂವಿ ಪ್ಲೇಟುಗಳ ಮೇಲಿರುವುದು ‘ಗಾಂಧಾರಿ’. ಹುಬ್ಬಳ್ಳಿಯ ಮನೆಯವರಿಗೆ ಗೊತ್ತು ಯಾರೆಂದು, ಕೊಂಡವರಿಗೆ?

ನಿಮ್ಮ ಅಟ್ಟದಲ್ಲಿ ಹಳೇ ಪ್ಲೇಟು ಇದ್ದರೆ ಲೇಬಲ್ ಓದಿ ನಿಲ್ಲಿಸಬೇಡಿ. ಲೇಬಲ್ಲಿನ ಅಂಚಿನಲ್ಲಿ, ಗೆರೆ ಮುಗಿಯುವಲ್ಲಿ, ಸಣ್ಣಗೆ ಮ್ಯಾಟ್ರಿಕ್ಸ್ ನಂಬರು ಇರುತ್ತದೆ. ಅದೇ ಅಚ್ಚಿನಿಂದ ಮತ್ತೆ ಒತ್ತಿದ್ದರೆ, ಕಾಗದ ಯಾರದೇ ಇರಲಿ, ಸಾಮಾನ್ಯವಾಗಿ ಆ ನಂಬರು ಬದಲಾಗಿರುವುದಿಲ್ಲ.